ಪೊಟ್ಟಣದಿಂದ ತಟ್ಟೆಗೆ ಇಳಿಯುವ ರಾಸಾಯನಿಕಗಳು: ಎಲ್ಲಿಂದ ಶುರು ಮಾಡಬೇಕು?

ಆಹಾರವನ್ನು ಕಾಪಾಡಲೆಂದು ಸುತ್ತಿದ ವಸ್ತುವಿನಿಂದಲೇ ಅಷ್ಟಿಷ್ಟು ಅಂಶ ಆಹಾರದೊಳಕ್ಕೆ ಇಳಿಯುತ್ತದೆ. ಪ್ಲಾಸ್ಟಿಕ್ ಡಬ್ಬದ ಗೋಡೆ, ತಗಡಿನ ಡಬ್ಬಿಯ ಒಳಲೇಪ, ಜಿಡ್ಡು ಹೀರದ ಕಾಗದ, ಶೀಸೆಯ ಮುಚ್ಚಳದೊಳಗಿನ ಮೆತ್ತನೆಯ ಅಂಚು, ಹೊರಮೈಯ ಮುದ್ರಣದ ಶಾಯಿ, ಪದರಗಳನ್ನು ಹಿಡಿದಿಡುವ ಅಂಟು, ಇವೆಲ್ಲವುಗಳಿಂದಲೂ ಕಣ್ಣಿಗೆ ಕಾಣದ, ರುಚಿಗೆ ಸಿಗದ ಅಣುಗಳು ಹೊರಬರುತ್ತವೆ. ಜ್ಯೂರಿಕ್‌ನ ಫುಡ್ ಪ್ಯಾಕೇಜಿಂಗ್ ಫೋರಂ ಸಂಸ್ಥೆಯ ಸಂಶೋಧಕರು 2024ರಲ್ಲಿ ಒಂದು ದೊಡ್ಡ ಲೆಕ್ಕ ಹಾಕಿದರು. ಆಹಾರಕ್ಕೆ ತಾಗುವ ವಸ್ತುಗಳಿಗೆ ಸಂಬಂಧಿಸಿದ ಸುಮಾರು 14,000 ರಾಸಾಯನಿಕಗಳ ಪೈಕಿ 3,601 ಮನುಷ್ಯರ ರಕ್ತ, ಮೂತ್ರ, ಎದೆಹಾಲು, ಕೂದಲು ಮುಂತಾದವುಗಳಲ್ಲಿ ಈಗಾಗಲೇ ಪತ್ತೆಯಾಗಿವೆ ಎಂಬುದು ಅವರ ಎಣಿಕೆ.

ಈ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಇವುಗಳಲ್ಲಿ ಅನೇಕ ವಸ್ತುಗಳು ಸೌಂದರ್ಯವರ್ಧಕ, ಬಟ್ಟೆ, ಮನೆಯ ಧೂಳು ಇತ್ಯಾದಿಗಳಿಂದಲೂ ದೇಹಕ್ಕೆ ಸೇರುತ್ತವೆ. ದೇಹದಲ್ಲಿ ಕಂಡುಬಂದ ಮಾತ್ರಕ್ಕೆ ಕಾಯಿಲೆ ತಂದಿತು ಎಂದೂ ಅಲ್ಲ. ಆದರೆ ಇವುಗಳಲ್ಲಿ ಕೆಲವು ಹಾರ್ಮೋನುಗಳ ಕೆಲಸವನ್ನು ಕೆಡಿಸುತ್ತವೆ, ಕೆಲವು ಕ್ಯಾನ್ಸರ್‌ಕಾರಕ, ಕೆಲವು ವರ್ಷಗಟ್ಟಲೆ ದೇಹ ಬಿಟ್ಟು ಹೋಗುವುದಿಲ್ಲ. ಆ ಕೆಲವನ್ನು ಗುರುತಿಸಿ ತಡೆಯುವುದು ಮನೆಯಲ್ಲೇ ಸಾಧ್ಯ. ಅದಕ್ಕೆ ಅಡುಗೆಮನೆಯ ಎಲ್ಲವನ್ನೂ ಎಸೆಯಬೇಕಿಲ್ಲ, ದುಬಾರಿ ಸಾಮಾನು ಕೊಳ್ಳಬೇಕಿಲ್ಲ. ಆಹಾರ ಮತ್ತು ಪೊಟ್ಟಣ ಯಾವ ಸ್ಥಿತಿಯಲ್ಲಿ ಒಂದನ್ನೊಂದು ತಾಗುತ್ತಿವೆ ಎಂಬುದನ್ನು ನೋಡುವ ಕಣ್ಣು ಬೇಕು.

ನಾಲ್ಕು ಸಂಗತಿಗಳು: ಬಿಸಿ, ಜಿಡ್ಡು, ಹುಳಿ, ಸಮಯ

ರಾಸಾಯನಿಕಗಳ ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಈ ನಾಲ್ಕನ್ನು ನೆನಪಿಟ್ಟುಕೊಂಡರೆ ಹೆಚ್ಚು ಉಪಯೋಗ. ಬಿಸಿ ಏರಿದಷ್ಟೂ ಪ್ಲಾಸ್ಟಿಕ್ಕಿನ ಸರಪಳಿಗಳ ನಡುವೆ ಸಿಕ್ಕಿಕೊಂಡ ಸಣ್ಣ ಅಣುಗಳ ಚಲನೆ ಹೆಚ್ಚುತ್ತದೆ. ಈ ಅಣುಗಳಲ್ಲಿ ಬಹುಪಾಲು ನೀರಿಗಿಂತ ಎಣ್ಣೆಯಲ್ಲಿ ಸುಲಭವಾಗಿ ಕರಗುವುದರಿಂದ ಜಿಡ್ಡಿನ ಆಹಾರ ಅವನ್ನು ಸೆಳೆದುಕೊಳ್ಳುತ್ತದೆ. ಹುಳಿ ಮತ್ತು ಉಪ್ಪು ಲೋಹವನ್ನು ಕೊರೆಯುತ್ತವೆ. ಇನ್ನು ಸಮಯ: ಹತ್ತು ನಿಮಿಷ ಇಟ್ಟ ಆಹಾರಕ್ಕೂ ಹತ್ತು ತಿಂಗಳು ಇಟ್ಟ ಆಹಾರಕ್ಕೂ ಅಜಗಜಾಂತರ.

ಬಿಸಿಯ ಮಹಿಮೆ ಎಷ್ಟೆಂಬುದಕ್ಕೆ ಒಂದು ಉದಾಹರಣೆ. ನೀರಿನ ಬಾಟಲಿಗಳನ್ನು ಮಾಡುವ ಪೆಟ್ ಪ್ಲಾಸ್ಟಿಕ್ಕಿನ ತಯಾರಿಕೆಯಲ್ಲಿ ಆಂಟಿಮನಿ ಎಂಬ ಲೋಹಾಂಶದ ಸಂಯುಕ್ತವನ್ನು ಬಳಸುತ್ತಾರೆ. ಅಮೆರಿಕದ ಅರಿಜೋನಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬಾಟಲಿಯ ನೀರಿನಲ್ಲಿ ಆಂಟಿಮನಿ ಪ್ರಮಾಣ ಅಲ್ಲಿನ ಕುಡಿಯುವ ನೀರಿನ ಮಿತಿಯನ್ನು ದಾಟಲು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 176 ದಿನ ಬೇಕಾಯಿತು. 80 ಡಿಗ್ರಿಯಲ್ಲಿ ಎರಡೂಕಾಲು ದಿನ ಸಾಕಾಯಿತು. ವಸ್ತು ಅದೇ, ನೀರೂ ಅದೇ, ಬದಲಾದದ್ದು ಶಾಖ ಮಾತ್ರ.

ಐದನೆಯ ಸಂಗತಿಯೊಂದಿದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಪೊಟ್ಟಣ ಚಿಕ್ಕದಾದಷ್ಟೂ ಒಳಗಿನ ಆಹಾರದ ತೂಕಕ್ಕೆ ಹೋಲಿಸಿದರೆ ತಾಗುವ ಮೇಲ್ಮೈ ಹೆಚ್ಚು. ಒಂದೇ ಪದಾರ್ಥವನ್ನು ಪುಟ್ಟ ಪುಟ್ಟ ಸ್ಯಾಶೆಗಳಲ್ಲಿ ಕೊಳ್ಳುವುದಕ್ಕಿಂತ ದೊಡ್ಡ ಪೊಟ್ಟಣದಲ್ಲಿ ಕೊಂಡು ಗಾಜಿಗೋ ಉಕ್ಕಿಗೋ ಸುರಿದುಕೊಳ್ಳುವುದು ಮೇಲು.

ಯಾವುದಕ್ಕೆ ಹೆಚ್ಚು ಗಮನ ಕೊಡಬೇಕು

ಬಿಸ್ಫಿನಾಲ್-ಎ, ಅಂದರೆ ಬಿಪಿಎ. ಇದರ ಕಥೆ ಹಳೆಯದು. 1891ರಲ್ಲಿ ರಷ್ಯಾದ ರಸಾಯನತಜ್ಞ ಅಲೆಕ್ಸಾಂಡರ್ ಡಯಾನಿನ್ ಇದನ್ನು ಮೊದಲು ತಯಾರಿಸಿದರು. 1930ರ ದಶಕದಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಚಾರ್ಲ್ಸ್ ಡಾಡ್ಸ್ ಇದು ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್‌ನಂತೆ ವರ್ತಿಸುತ್ತದೆ ಎಂದು ತೋರಿಸಿದರು. ಹೀಗೆ ಹಾರ್ಮೋನ್ ಗುಣ ತಿಳಿದಿದ್ದ ವಸ್ತುವೊಂದು ದಶಕಗಳ ನಂತರ ಗಟ್ಟಿ, ಪಾರದರ್ಶಕ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿಗೂ ತಗಡಿನ ಡಬ್ಬಿಗಳ ಎಪಾಕ್ಸಿ ಒಳಲೇಪಕ್ಕೂ ಕಚ್ಚಾವಸ್ತುವಾಗಿ ಜಗತ್ತಿನಾದ್ಯಂತ ಹರಡಿತು. ಇದು ನನಗೆ ಇಂದಿಗೂ ಸಂಕಟ ತರುವ ಸಂಗತಿ.

ಮಗುವಿನ ಹಾಲಿನ ಬಾಟಲಿಗಳಲ್ಲಿ ಬಿಪಿಎ ಬಳಕೆಯನ್ನು ಐರೋಪ್ಯ ಒಕ್ಕೂಟ 2011ರಲ್ಲಿ ನಿಷೇಧಿಸಿತು. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2012ರಲ್ಲಿ ಅದಕ್ಕಿದ್ದ ಅನುಮತಿಯನ್ನು ತೆಗೆದುಹಾಕಿತು. ದೊಡ್ಡ ತಿರುವು ಬಂದದ್ದು 2023ರ ಏಪ್ರಿಲ್‌ನಲ್ಲಿ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು ದಿನವೊಂದಕ್ಕೆ ದೇಹದ ಪ್ರತಿ ಕಿಲೋ ತೂಕಕ್ಕೆ 4 ಮೈಕ್ರೋಗ್ರಾಮ್ ಎಂದಿದ್ದ ಸಹನೀಯ ಮಿತಿಯನ್ನು 0.2 ನ್ಯಾನೊಗ್ರಾಮ್‌ಗೆ, ಅಂದರೆ 20,000 ಪಟ್ಟು ಕೆಳಕ್ಕೆ ಇಳಿಸಿತು. ರೋಗನಿರೋಧಕ ವ್ಯವಸ್ಥೆಯ ಮೇಲೆ ಆಗುವ ಪರಿಣಾಮ ಅದಕ್ಕೆ ಮುಖ್ಯ ಕಾರಣ. ಎಲ್ಲರೂ ಇದನ್ನು ಒಪ್ಪಲಿಲ್ಲ. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ತನ್ನದೇ ಲೆಕ್ಕ ಹಾಕಿ ಅದಕ್ಕಿಂತ ಸಾವಿರ ಪಟ್ಟು ಹೆಚ್ಚಿನ ಮಿತಿಯನ್ನು ಸೂಚಿಸಿತು. ಆದರೆ ಆ ಮಿತಿಯೂ ಹಳೆಯದಕ್ಕಿಂತ 20 ಪಟ್ಟು ಕಡಿಮೆಯೇ ಎಂಬುದನ್ನು ಮರೆಯಬಾರದು. ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಬಿಪಿಎ ಬಳಸಬಾರದೆಂಬ ಐರೋಪ್ಯ ಒಕ್ಕೂಟದ ನಿಯಮ 2025ರ ಜನವರಿ 20ರಿಂದ ಜಾರಿಗೆ ಬಂದಿದ್ದು, ಉದ್ಯಮಗಳಿಗೆ ಬದಲಾಗಲು ಕಾಲಾವಕಾಶ ನೀಡಲಾಗಿದೆ.

ಎರಡನೆಯದು ಥ್ಯಾಲೇಟ್‌ಗಳು. ಪಿವಿಸಿಯಂಥ ಗಡಸು ಪ್ಲಾಸ್ಟಿಕ್ಕನ್ನು ಮೆತ್ತಗೆ, ಬಾಗುವಂತೆ ಮಾಡುವ ಎಣ್ಣೆಯಂಥ ದ್ರವಗಳು ಇವು. ಪ್ಲಾಸ್ಟಿಕ್ಕಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ, ಸ್ಪಂಜಿನೊಳಗೆ ನೀರು ನಿಂತಂತೆ ನಿಂತಿರುತ್ತವೆ. ಆದ್ದರಿಂದ ಜಿಡ್ಡು ತಾಗಿದ ಕೂಡಲೇ ಹೊರಬರುತ್ತವೆ. ಇವುಗಳಲ್ಲಿ ಹಲವು ಗಂಡು ಹಾರ್ಮೋನಾದ ಟೆಸ್ಟೊಸ್ಟೆರೋನ್ ತಯಾರಿಕೆಗೆ ಅಡ್ಡಿಪಡಿಸುತ್ತವೆ. ಡಿಇಎಚ್‌ಪಿ ಎಂಬುದೂ ಅದರ ಮೂರು ಹತ್ತಿರದ ಬಂಧುಗಳೂ ಸಂತಾನಶಕ್ತಿಗೆ ವಿಷಕಾರಿ ಎಂದು ಯುರೋಪಿನಲ್ಲಿ ವರ್ಗೀಕರಿಸಲ್ಪಟ್ಟಿವೆ. ಗರ್ಭದಲ್ಲಿರುವ ಗಂಡು ಮಗುವಿನ ಜನನಾಂಗ ರೂಪುಗೊಳ್ಳುವ ವಾರಗಳೇ ಇವುಗಳ ಮಟ್ಟಿಗೆ ಅತ್ಯಂತ ಸೂಕ್ಷ್ಮ ಕಾಲ.

ಮೂರನೆಯದು ಪಿಎಫ್‌ಎಎಸ್. ಕಾರ್ಬನ್ ಮತ್ತು ಫ್ಲೋರಿನ್‌ಗಳ ಬಲವಾದ ಬಂಧವಿರುವ ಸಾವಿರಾರು ಸಂಯುಕ್ತಗಳ ಕುಟುಂಬ ಇದು. ನೀರನ್ನೂ ಜಿಡ್ಡನ್ನೂ ದೂರ ತಳ್ಳುವ ಗುಣಕ್ಕಾಗಿ ತಿಂಡಿ ಸುತ್ತುವ ಕಾಗದ, ಮೈಕ್ರೋವೇವ್‌ನಲ್ಲಿ ಪಾಪ್‌ಕಾರ್ನ್ ಅರಳಿಸುವ ಚೀಲ, ನಾರಿನಿಂದ ಅಚ್ಚೊತ್ತಿದ ಬಟ್ಟಲುಗಳಿಗೆ ಬಳಸುತ್ತ ಬಂದರು. ಬಿಪಿಎ ಮತ್ತು ಥ್ಯಾಲೇಟ್‌ಗಳು ಒಂದೆರಡು ದಿನದಲ್ಲಿ ಮೂತ್ರದ ಮೂಲಕ ಹೊರಹೋಗುತ್ತವೆ. ಪಿಎಫ್‌ಎಎಸ್‌ನ ಹಳೆಯ ಸದಸ್ಯರು ಹಾಗಲ್ಲ, ರಕ್ತದಲ್ಲಿ ಅವುಗಳ ಪ್ರಮಾಣ ಅರ್ಧಕ್ಕಿಳಿಯಲು ವರ್ಷಗಳೇ ಬೇಕು. ಕೊಲೆಸ್ಟರಾಲ್ ಏರಿಕೆ, ಲಸಿಕೆಗೆ ಮಕ್ಕಳ ದೇಹ ಕೊಡುವ ಪ್ರತಿಕ್ರಿಯೆ ಕುಗ್ಗುವುದು, ಶಿಶುಗಳ ಜನನತೂಕ ಕಡಿಮೆಯಾಗುವುದು ಇವುಗಳೊಂದಿಗೆ ನಂಟು ಹೊಂದಿವೆ. ಈ ಕುಟುಂಬದ ಪಿಎಫ್‌ಒಎ ಎಂಬ ಸಂಯುಕ್ತವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು 2023ರಲ್ಲಿ ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂಬ ಮೊದಲ ಗುಂಪಿಗೆ ಸೇರಿಸಿತು. ಡೆನ್ಮಾರ್ಕ್ 2020ರಲ್ಲೇ ಆಹಾರದ ಕಾಗದ ಮತ್ತು ರಟ್ಟಿನಲ್ಲಿ ಪಿಎಫ್‌ಎಎಸ್ ಬಳಕೆ ನಿಲ್ಲಿಸಿತು. ಜಿಡ್ಡು ತಡೆಯಲು ಇವನ್ನು ಲೇಪಿಸಿದ ಆಹಾರ ಕಾಗದಗಳ ಮಾರಾಟ ತನ್ನಲ್ಲಿ ನಿಂತಿದೆ ಎಂದು ಅಮೆರಿಕದ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಪ್ರಕಟಿಸಿತು.

ಸ್ಟೈರೀನ್, ಮೆಲಮೈನ್, ಖನಿಜ ತೈಲದ ಅಂಶಗಳು, ಅಲ್ಯೂಮಿನಿಯಂ ಇವುಗಳ ಮಾತು ಮುಂದೆ ಆಯಾ ಹೆಜ್ಜೆಯಲ್ಲಿ ಬರುತ್ತದೆ.

ಹೆಜ್ಜೆ 1: ಬಿಸಿಯನ್ನೂ ಪ್ಲಾಸ್ಟಿಕ್ಕನ್ನೂ ಬೇರೆ ಮಾಡಿ

ಈ ಲೇಖನದಿಂದ ಒಂದೇ ಒಂದು ಬದಲಾವಣೆ ಮಾಡುವುದಾದರೆ ಇದನ್ನು ಮಾಡಿ. ಮೈಕ್ರೋವೇವ್‌ಗೆ ಪ್ಲಾಸ್ಟಿಕ್ ಡಬ್ಬಿ ಇಡಬೇಡಿ. ಗಾಜು ಅಥವಾ ಪಿಂಗಾಣಿಯ ಬಟ್ಟಲಿಗೆ ಆಹಾರವನ್ನು ವರ್ಗಾಯಿಸಿ, ಮೇಲೆ ಪ್ಲಾಸ್ಟಿಕ್ ಹಾಳೆಯ ಬದಲು ಒಂದು ತಟ್ಟೆ ಮುಚ್ಚಿ. ‘ಮೈಕ್ರೋವೇವ್‌ಗೆ ಸೂಕ್ತ’ ಎಂಬ ಗುರುತು ಮುಖ್ಯವಾಗಿ ಹೇಳುವುದು ಆ ಡಬ್ಬಿ ಕರಗುವುದಿಲ್ಲ, ಸೊಟ್ಟಗಾಗುವುದಿಲ್ಲ ಎಂದು. ಅದರಿಂದ ಏನೂ ಇಳಿಯುವುದಿಲ್ಲ ಎಂಬ ಭರವಸೆ ಅದಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2018ರಲ್ಲಿ ಹೆತ್ತವರಿಗೆ ನೀಡಿದ ಸಲಹೆಗಳಲ್ಲಿ ಎರಡು ಇಲ್ಲಿಗೆ ಹೊಂದುತ್ತವೆ: ಆಹಾರವನ್ನಾಗಲಿ ಶಿಶುವಿನ ಹಾಲನ್ನಾಗಲಿ ಪ್ಲಾಸ್ಟಿಕ್ಕಿನಲ್ಲಿ ಮೈಕ್ರೋವೇವ್ ಮಾಡಬೇಡಿ, ಪ್ಲಾಸ್ಟಿಕ್ ಪಾತ್ರೆಗಳನ್ನು ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಬೇಡಿ.

ಕುದಿಯುವ ಪದಾರ್ಥವನ್ನು ನೇರವಾಗಿ ಪ್ಲಾಸ್ಟಿಕ್ಕಿಗೆ ಸುರಿಯುವುದೂ ಅಷ್ಟೇ ಕೆಟ್ಟದ್ದು. ಪಾಲಿಕಾರ್ಬೊನೇಟ್ ಬಾಟಲಿಗಳಿಗೆ ಕುದಿನೀರು ತಾಗಿದಾಗ ಬಿಪಿಎ ಹೊರಬರುವ ವೇಗ 15ರಿಂದ 55 ಪಟ್ಟು ಹೆಚ್ಚಿತೆಂದು ಸಿನ್ಸಿನಾಟಿ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ವರದಿ ಮಾಡಿದರು. ಆಹಾರ ಆರಿದ ಮೇಲೆ ಡಬ್ಬಿಗೆ ಹಾಕಿ ಎಂದರೆ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಬೇಯಿಸಿದ ಆಹಾರವನ್ನು ಗಂಟೆಗಟ್ಟಲೆ ಹೊರಗೆ ಬಿಟ್ಟರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಆ ಅಪಾಯ ಪ್ಲಾಸ್ಟಿಕ್ಕಿನದಕ್ಕಿಂತ ಬಹಳ ಹತ್ತಿರದ್ದು. ಅಗಲವಾದ, ಆಳವಿಲ್ಲದ ಉಕ್ಕಿನ ಪಾತ್ರೆಗೆ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ ಸೇರಿಸಿ. ಉಕ್ಕಿನಲ್ಲೋ ಗಾಜಿನಲ್ಲೋ ಇಡುವುದಾದರೆ ಈ ಕಾಯುವಿಕೆಯ ತೊಡಕೇ ಇರುವುದಿಲ್ಲ.

ಹಗುರವಾದ ಬಿಳಿ ನೊರೆಯ ಲೋಟ, ಬಟ್ಟಲುಗಳು ಪಾಲಿಸ್ಟೈರೀನ್‌ನಿಂದ ಆಗಿರುತ್ತವೆ. ಅದರ ಮೂಲವಸ್ತು ಸ್ಟೈರೀನ್ ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗದಲ್ಲಿದೆ. ಬಿಸಿ ಪಾನೀಯಕ್ಕೂ ಜಿಡ್ಡಿನ ಸಾರಿಗೂ ಇವು ಬೇಡ. ಕಾಗದದ ಲೋಟಕ್ಕೂ ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಖರಗ್‌ಪುರ ಐಐಟಿಯ ಸಂಶೋಧಕರು 2020ರಲ್ಲಿ ಪ್ರಕಟಿಸಿದಂತೆ, ಇಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ದ್ರವ 15 ನಿಮಿಷ ಇದ್ದರೆ ಸುಮಾರು 25,000 ಮೈಕ್ರೋಪ್ಲಾಸ್ಟಿಕ್ ಕಣಗಳು, ಅಂದರೆ ಅತಿ ಸಣ್ಣ ಪ್ಲಾಸ್ಟಿಕ್ ಚೂರುಗಳು ಸೇರುತ್ತವೆ. ದಿನಾ ಹೊರಗೆ ಕುಡಿಯುವವರು ಸ್ವಂತ ಉಕ್ಕಿನ ಲೋಟವನ್ನು ಚೀಲದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಮೆಲಮೈನ್ ತಟ್ಟೆಗಳು ಪಿಂಗಾಣಿಯಂತೆ ಕಾಣುವುದರಿಂದ ಅನೇಕರು ಅವನ್ನು ಪ್ಲಾಸ್ಟಿಕ್ಕೆಂದು ಎಣಿಸುವುದಿಲ್ಲ. ತೈವಾನಿನಲ್ಲಿ 12 ಜನರಿಗೆ ಬಿಸಿ ನೂಡಲ್ ಸೂಪನ್ನು ಒಮ್ಮೆ ಮೆಲಮೈನ್ ಬಟ್ಟಲಿನಲ್ಲಿ, ಇನ್ನೊಮ್ಮೆ ಪಿಂಗಾಣಿಯಲ್ಲಿ ಕೊಟ್ಟು ಮೂತ್ರ ಪರೀಕ್ಷಿಸಿದಾಗ, ಮೊದಲ ಸಲ ದೇಹದಿಂದ ಹೊರಹೋದ ಮೆಲಮೈನ್ ಸರಾಸರಿ 8.35 ಮೈಕ್ರೋಗ್ರಾಮ್, ಎರಡನೆಯ ಸಲ 1.31. ಈ ಫಲಿತಾಂಶ ಪ್ರಕಟವಾದದ್ದು 2013ರಲ್ಲಿ. ‘ಬಿದಿರಿನ ಪಾತ್ರೆ’ ಎಂದು ಮಾರುವ ನಯವಾದ ಲೋಟಗಳಲ್ಲಿ ಹಲವು ಬಿದಿರಿನ ಪುಡಿಯನ್ನು ಮೆಲಮೈನ್ ರಾಳದಲ್ಲಿ ಕಲಸಿ ಮಾಡಿದವು. ಅವುಗಳಿಂದ ಮೆಲಮೈನ್ ಮತ್ತು ಫಾರ್ಮಾಲ್ಡಿಹೈಡ್ ಇನ್ನೂ ಹೆಚ್ಚಾಗಿ ಇಳಿಯುತ್ತವೆ. ಇಂಥವನ್ನು ತಣ್ಣನೆಯ ಒಣ ತಿನಿಸಿಗೆ ಮಾತ್ರ ಇಟ್ಟುಕೊಳ್ಳಿ.

ಹೆಜ್ಜೆ 2: ಶಿಶುವಿನ ಬಾಟಲಿ

ತೂಕಕ್ಕೆ ಹೋಲಿಸಿದರೆ ಶಿಶು ದೊಡ್ಡವರಿಗಿಂತ ಬಹಳ ಹೆಚ್ಚು ಆಹಾರ ಸೇವಿಸುತ್ತದೆ. ಅದರ ಯಕೃತ್ತು ಈ ವಸ್ತುಗಳನ್ನು ಹೊರದಬ್ಬುವಷ್ಟು ಇನ್ನೂ ಪಕ್ವವಾಗಿರುವುದಿಲ್ಲ. ಮನೆಯ ಎಲ್ಲ ಬದಲಾವಣೆಗಳನ್ನು ಒಟ್ಟಿಗೆ ಮಾಡಲಾಗದಿದ್ದರೆ ಗರ್ಭಿಣಿ ಮತ್ತು ಚಿಕ್ಕ ಮಕ್ಕಳ ಪಾಲಿನದನ್ನು ಮೊದಲು ಮಾಡಿ.

ಇಂದಿನ ಬಹುತೇಕ ಬಾಟಲಿಗಳು ಪಾಲಿಪ್ರೊಪಿಲೀನ್‌ನವು. ಇದರಲ್ಲಿ ಬಿಪಿಎ ಇಲ್ಲ, ಆದರೆ ಬಿಸಿಗೆ ಕಣಗಳು ಉದುರುತ್ತವೆ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಸಂಶೋಧಕರು 2020ರಲ್ಲಿ ಅಳೆದಾಗ, 25 ಡಿಗ್ರಿಯ ನೀರಿನಲ್ಲಿ ಲೀಟರಿಗೆ 6 ಲಕ್ಷ ಇದ್ದ ಮೈಕ್ರೋಪ್ಲಾಸ್ಟಿಕ್ ಕಣಗಳು 95 ಡಿಗ್ರಿಯಲ್ಲಿ 5.5 ಕೋಟಿಗೆ ಏರಿದವು. ಇವು ದೇಹದಲ್ಲಿ ಏನು ಮಾಡುತ್ತವೆ ಎಂಬ ಸಂಶೋಧನೆ ಇನ್ನೂ ಆರಂಭದ ಹಂತದಲ್ಲಿದೆ. ಹಾಗೆಂದು ಕಾಯುತ್ತ ಕೂರಬೇಕಿಲ್ಲ, ಕಡಿಮೆ ಮಾಡುವ ಕ್ರಮ ಸುಲಭವಾಗಿದೆ:

ಬಾಟಲಿಯನ್ನು ಎಂದಿನಂತೆ ಕುದಿಸಿ ಶುದ್ಧಗೊಳಿಸಿ, ಆರಲು ಬಿಡಿ. ಬೇರೆಯಾಗಿ ಉಕ್ಕಿನ ಅಥವಾ ಗಾಜಿನ ಪಾತ್ರೆಯಲ್ಲಿ ನೀರು ಕುದಿಸಿ, ಆರಿದ ಆ ನೀರಿನಿಂದ ಬಾಟಲಿಯನ್ನು ಎರಡು ಮೂರು ಸಲ ತೊಳೆಯಿರಿ. ಹಾಲಿನ ಪುಡಿಯನ್ನು ಪ್ಲಾಸ್ಟಿಕ್ ಅಲ್ಲದ ಶುದ್ಧ ಪಾತ್ರೆಯಲ್ಲಿ ಕನಿಷ್ಠ 70 ಡಿಗ್ರಿ ಬಿಸಿಯಿರುವ ನೀರಿಗೆ ಕಲಸಿ. ಈ ಬಿಸಿಯನ್ನು ಕಡಿಮೆ ಮಾಡಬೇಡಿ, ಪುಡಿಯಲ್ಲಿ ಇರಬಹುದಾದ ಬ್ಯಾಕ್ಟೀರಿಯಾ ಸಾಯಲು ಅದು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುಡಿಯುವ ಹದಕ್ಕೆ ಆರಿದ ಮೇಲೆ ಬಾಟಲಿಗೆ ಸುರಿಯಿರಿ. ಗಾಜಿನ ಬಾಟಲಿ ಬಳಸಲು ಸಾಧ್ಯವಿರುವವರಿಗೆ ಇಷ್ಟೆಲ್ಲ ಬೇಕಾಗುವುದಿಲ್ಲ.

ಹೆಜ್ಜೆ 3: ತಗಡಿನ ಡಬ್ಬಿಯ ಆಹಾರ ಕಡಿಮೆ ಮಾಡಿ

ಡಬ್ಬಿಯಲ್ಲಿ ಆಹಾರವನ್ನು ತುಂಬಿ, ಮುಚ್ಚಿ, ಆಮೇಲೆ ಹೆಚ್ಚಿನ ಶಾಖದಲ್ಲಿ ಬೇಯಿಸುತ್ತಾರೆ. ನಂತರ ಅದು ತಿಂಗಳುಗಟ್ಟಲೆ ಲೇಪಕ್ಕೆ ಅಂಟಿಕೊಂಡೇ ಇರುತ್ತದೆ. ಬಿಸಿ, ಸಮಯ ಎರಡೂ ಒಂದೆಡೆ ಸೇರಿದವು. ಮೀನೋ ಟೊಮೆಟೊವೋ ಆದರೆ ಜಿಡ್ಡು ಅಥವಾ ಹುಳಿಯೂ ಜೊತೆಗೂಡಿತು. ಹಾರ್ವರ್ಡ್ ಸಂಶೋಧಕರು 2011ರಲ್ಲಿ 75 ಸ್ವಯಂಸೇವಕರಿಗೆ ಐದು ದಿನ ದಿನಕ್ಕೊಂದು ಬಾರಿ ಡಬ್ಬಿಯ ಸೂಪ್ ಕೊಟ್ಟರು, ಇನ್ನೊಂದು ವಾರ ತಾಜಾ ಸೂಪ್. ಡಬ್ಬಿಯ ವಾರದಲ್ಲಿ ಮೂತ್ರದ ಬಿಪಿಎ ತಾಜಾ ಸೂಪಿನ ವಾರಕ್ಕಿಂತ ಶೇಕಡ 1,200ಕ್ಕೂ ಹೆಚ್ಚಾಗಿತ್ತು.

ಇದರ ಮತ್ತೊಂದು ಮುಖ ಆಶಾದಾಯಕವಾಗಿದೆ, ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಧೈರ್ಯ ಕೊಡುವ ಮಾಹಿತಿ ಇದು. ಅದೇ 2011ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ ಐದು ಕುಟುಂಬಗಳ 20 ಜನ ಮೂರು ದಿನ ಡಬ್ಬಿ, ಪ್ಲಾಸ್ಟಿಕ್‌ಗಳನ್ನು ದೂರವಿಟ್ಟು ತಾಜಾ ಆಹಾರ ತಿಂದರು. ಅಷ್ಟರಲ್ಲೇ ಬಿಪಿಎ ಸರಾಸರಿ ಶೇಕಡ 66ರಷ್ಟು ಇಳಿಯಿತು, ಡಿಇಎಚ್‌ಪಿ ಎಂಬ ಥ್ಯಾಲೇಟ್‌ನ ಗುರುತುಗಳು ಅರ್ಧಕ್ಕಿಂತ ಹೆಚ್ಚು ಕಡಿಮೆಯಾದವು. ಹಳೆಯ ಊಟ ಮರಳಿದ ಮೇಲೆ ಮತ್ತೆ ಏರಿದವು. ಅಂದರೆ ಇಂದು ಮಾಡಿದ ಬದಲಾವಣೆಯ ಫಲ ಈ ವಾರದಲ್ಲೇ ದೇಹಕ್ಕೆ ಸಿಗುತ್ತದೆ, ಬಿಟ್ಟರೆ ನಷ್ಟವೂ ಅಷ್ಟೇ ಬೇಗ.

ಡಬ್ಬಿಯ ಬದಲು ತಾಜಾ, ಒಣಗಿಸಿದ, ಹೆಪ್ಪುಗಟ್ಟಿಸಿದ ಅಥವಾ ಗಾಜಿನ ಶೀಸೆಯಲ್ಲಿರುವ ಪದಾರ್ಥ ಕೊಳ್ಳಿ. ಕಾಳುಗಳನ್ನು ನೆನೆಸಿ ಬೇಯಿಸಿದರೆ ಡಬ್ಬಿಯ ಕಾಳಿನ ಅಗತ್ಯವೇ ಇಲ್ಲ. ಡಬ್ಬಿಯನ್ನು ಒಲೆಯ ಮೇಲೆ ನೇರವಾಗಿ ಇಟ್ಟು ಬಿಸಿ ಮಾಡಬೇಡಿ. ಒಮ್ಮೆ ತೆರೆದರೆ ಉಳಿದದ್ದನ್ನು ಬೇರೆ ಪಾತ್ರೆಗೆ ಸುರಿಯಿರಿ, ಗಾಳಿ ತಾಗಿದ ಮೇಲೆ ತವರದ ಅಂಶ ಹುಳಿ ಆಹಾರಕ್ಕೆ ಬೇಗ ಇಳಿಯುತ್ತದೆ. ನೆಗ್ಗಿದ, ಉಬ್ಬಿದ ಡಬ್ಬಿ ಮುಟ್ಟಬೇಡಿ. ಹಾಗೆಂದು ಡಬ್ಬಿಯ ತರಕಾರಿ ಬಿಟ್ಟರೆ ತರಕಾರಿಯೇ ಸಿಗದ ಸ್ಥಿತಿಯಲ್ಲಿರುವವರು ಅದನ್ನು ತಿನ್ನಲೇಬೇಕು. ಪೌಷ್ಟಿಕತೆಯನ್ನು ಕಳೆದುಕೊಂಡು ಬಿಪಿಎಯಿಂದ ಪಾರಾಗುವುದು ಲಾಭವಲ್ಲ.

ಹೆಜ್ಜೆ 4: ಜಿಡ್ಡಿನ ಆಹಾರಕ್ಕೆ ಗಾಜು ಮೀಸಲಿಡಿ

ಮನೆಯಲ್ಲಿರುವ ಗಾಜಿನ ಭರಣಿಗಳು ನಾಲ್ಕೇ ಇದ್ದರೆ ಅವನ್ನು ಸಕ್ಕರೆಗೆ, ಉಪ್ಪಿಗೆ ಖರ್ಚು ಮಾಡಬೇಡಿ. ಒಣ, ಜಿಡ್ಡಿಲ್ಲದ ಪದಾರ್ಥಗಳು ಪ್ಲಾಸ್ಟಿಕ್ಕಿನಿಂದ ಹೆಚ್ಚೇನೂ ಸೆಳೆಯುವುದಿಲ್ಲ. ಗಾಜು ಬೇಕಿರುವುದು ಎಣ್ಣೆ, ಬೆಣ್ಣೆ, ಚೀಸ್, ಎಣ್ಣೆಯಲ್ಲಿ ನೆನೆದ ಸಂರಕ್ಷಿತ ಪದಾರ್ಥ, ಮಾಂಸ, ಕರಿದ ತಿನಿಸುಗಳಿಗೆ.

ಚೀಸ್ ಅಥವಾ ಮಾಂಸದ ಮೈಗೆ ಅಂಟುವಂತೆ ಸುತ್ತುವ ಹಾಳೆಗಳಲ್ಲಿ ಪಿವಿಸಿ ಮತ್ತು ಪಾಲಿಎಥಿಲೀನ್ ಎಂದು ಎರಡು ಬಗೆ. ಪಾಲಿಎಥಿಲೀನ್ ಹಾಳೆಗೆ ಮೃದುಕಾರಿ ದ್ರವ ಬೇಕಾಗುವುದಿಲ್ಲ, ಆದ್ದರಿಂದ ಹೊದಿಕೆಯ ಪೆಟ್ಟಿಗೆಯ ಮೇಲೆ ಓದಿ ಅದನ್ನೇ ಆರಿಸಿ. ಅಂಗಡಿಯಲ್ಲಿ ಸುತ್ತಿಕೊಟ್ಟದ್ದನ್ನು ಮನೆಗೆ ಬಂದ ಕೂಡಲೇ ಬಿಚ್ಚಿ ಬೇರೆ ಪಾತ್ರೆಗೆ ಹಾಕಿ.

ಗಾಜಿನ ಶೀಸೆಯಲ್ಲೂ ಒಂದು ದುರ್ಬಲ ಸ್ಥಳವಿದೆ: ಲೋಹದ ಮುಚ್ಚಳದ ಒಳಗಿನ ಮೆತ್ತನೆಯ ಬಳೆ. ಅದು ಸಾಮಾನ್ಯವಾಗಿ ಮೃದುಕಾರಿ ಸೇರಿಸಿದ ಪಿವಿಸಿ. ಎಣ್ಣೆ ಅದಕ್ಕೆ ತಾಗುತ್ತಲೇ ಇದ್ದರೆ ಮೃದುಕಾರಿ ಇಳಿಯುತ್ತದೆ. ಶೀಸೆಗಳನ್ನು ಮಲಗಿಸದೆ ನೆಟ್ಟಗೆ ಇಡಿ, ಬಾಯಿಯವರೆಗೆ ತುಂಬಬೇಡಿ. ಇಷ್ಟು ಸಾಕು.

ಅಲ್ಯೂಮಿನಿಯಂ ಹಾಳೆಯ ವಿಷಯದಲ್ಲಿ ಶತ್ರು ಜಿಡ್ಡಲ್ಲ, ಹುಳಿ ಮತ್ತು ಉಪ್ಪು. ನಿಂಬೆ, ವಿನೆಗರ್, ಟೊಮೆಟೊ ಬೆರೆತದ್ದನ್ನು ಅದರಲ್ಲಿ ಸುತ್ತಿ ಬೇಯಿಸಬೇಡಿ, ರಾತ್ರಿಯೆಲ್ಲ ಇಡಬೇಡಿ. ಒಣ ರೊಟ್ಟಿ, ಬ್ರೆಡ್ ಸುತ್ತಲು ಅಡ್ಡಿಯಿಲ್ಲ.

ಹೆಜ್ಜೆ 5: ಕಾಗದವೆಂದರೆ ಸುರಕ್ಷಿತ ಎಂಬ ಭಾವನೆ ಬಿಡಿ

ಪ್ಲಾಸ್ಟಿಕ್ಕಿನ ಭಯದಿಂದ ಕಾಗದಕ್ಕೆ ಹೊರಳುವವರು ಇಲ್ಲಿ ಎಡವುತ್ತಾರೆ. ಮೇಲೆ ಹೇಳಿದ ಪಿಎಫ್‌ಎಎಸ್ ಮುಖ್ಯವಾಗಿ ಇರುವುದೇ ಜಿಡ್ಡು ತಡೆಯುವ ಕಾಗದದಲ್ಲಿ. ಅಮೆರಿಕದಲ್ಲಿ ಫಾಸ್ಟ್‌ಫುಡ್ ಪೊಟ್ಟಣಗಳ ಸುಮಾರು 400 ಮಾದರಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಹಾರಕ್ಕೆ ತಾಗುವ ಕಾಗದಗಳ ಪೈಕಿ ಶೇಕಡ 46ರಲ್ಲಿ ಪಿಎಫ್‌ಎಎಸ್ ಇರುವುದರ ಸುಳಿವಾದ ಫ್ಲೋರಿನ್ ಸಿಕ್ಕಿತು. ನಿಮ್ಮ ಕೈಯಲ್ಲಿರುವ ಕಾಗದದ ಬಗ್ಗೆ ಒಂದು ಅಂದಾಜು ಬೇಕಿದ್ದರೆ ಒಂದು ಹನಿ ಅಡುಗೆ ಎಣ್ಣೆ ಹಾಕಿ ನೋಡಿ. ಎಣ್ಣೆ ಹರಡಿ ಹೀರಿಕೊಂಡರೆ ಅಂಥ ಲೇಪ ಇರುವ ಸಾಧ್ಯತೆ ಕಡಿಮೆ. ಮುತ್ತಿನ ಹನಿಯಂತೆ ನಿಂತರೆ ಯಾವುದೋ ಲೇಪವಿದೆ. ಅದು ಮೇಣವೂ ಇರಬಹುದು, ಪಿಎಫ್‌ಎಎಸ್ ಕೂಡ ಇರಬಹುದು. ತಿಳಿಯದಿದ್ದಾಗ ಬಿಸಿ ಜಿಡ್ಡಿನ ಆಹಾರವನ್ನು ಅದರಿಂದ ಬೇಗ ತಟ್ಟೆಗೆ ಹಾಕಿಕೊಳ್ಳಿ, ಪೊಟ್ಟಣದಲ್ಲೇ ಮತ್ತೆ ಬಿಸಿ ಮಾಡಬೇಡಿ. ಪಾಪ್‌ಕಾರ್ನ್ ಬೇಕೆಂದರೆ ಮುಚ್ಚಳವಿರುವ ಪಾತ್ರೆಯಲ್ಲಿ ಒಲೆಯ ಮೇಲೆ ಅರಳಿಸಿ.

ಮುದ್ರಿತ ವೃತ್ತಪತ್ರಿಕೆಯಲ್ಲಿ ತಿನ್ನುವ ವಸ್ತು ಕಟ್ಟಬಾರದು, ಕರಿದ ತಿನಿಸಿನ ಎಣ್ಣೆ ಹಿಂಡಲು ಬಳಸಬಾರದು. ಶಾಯಿಯಲ್ಲಿ ಖನಿಜ ತೈಲದ ಅಂಶಗಳು ಇರುತ್ತವೆ. ಅವುಗಳಲ್ಲಿ ಒಂದು ಬಗೆ ಯಕೃತ್ತು ಮುಂತಾದ ಅಂಗಗಳಲ್ಲಿ ಶೇಖರವಾಗುತ್ತದೆ, ಇನ್ನೊಂದು ಬಗೆಯ ಕೆಲವು ಅಣುಗಳು ಜೀವಕೋಶದ ಡಿಎನ್‌ಎಗೆ ಹಾನಿ ಮಾಡಬಲ್ಲವು. ಹಳೆಯ ಪತ್ರಿಕೆಗಳನ್ನು ಮರುಬಳಕೆ ಮಾಡಿ ತಯಾರಿಸಿದ ರಟ್ಟಿನಲ್ಲೂ ಇವು ಉಳಿದಿರುತ್ತವೆ. ಇಲ್ಲಿ ವಿಚಿತ್ರವೆಂದರೆ ಆಹಾರ ರಟ್ಟನ್ನು ಮುಟ್ಟಲೇಬೇಕೆಂದಿಲ್ಲ. ಆವಿಯಾಗಿ, ಒಳಗಿನ ಕಾಗದದ ಚೀಲವನ್ನೂ ತೆಳುವಾದ ಪಾಲಿಎಥಿಲೀನ್ ಚೀಲವನ್ನೂ ದಾಟಿ ಹಿಟ್ಟು, ಅಕ್ಕಿ, ಧಾನ್ಯದ ತಿನಿಸುಗಳಿಗೆ ಸೇರುತ್ತವೆ. ರಟ್ಟಿನ ಪೆಟ್ಟಿಗೆಯಲ್ಲಿ ಬಂದ ಒಣ ಪದಾರ್ಥವನ್ನು ತಂದ ದಿನವೇ ಉಕ್ಕಿನ ಅಥವಾ ಗಾಜಿನ ಡಬ್ಬಕ್ಕೆ ಸುರಿಯುವುದರಿಂದ ಇದು ಬಹುಮಟ್ಟಿಗೆ ನಿಲ್ಲುತ್ತದೆ.

ಅಂಗಡಿಯ ಹೊಳೆಯುವ ರಸೀದಿಗಳಿಗೂ ಬಿಪಿಎ ಅಥವಾ ಅದರ ಸೋದರ ಬಿಪಿಎಸ್ ಲೇಪವಿರುತ್ತದೆ. ಕೈಗೆ ಸ್ಯಾನಿಟೈಸರ್ ಹಚ್ಚಿದ ಕೂಡಲೇ ಅದನ್ನು ಹಿಡಿಯಬೇಡಿ, ಚರ್ಮ ಹೆಚ್ಚು ಹೀರಿಕೊಳ್ಳುತ್ತದೆ. ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ.

ಹೆಜ್ಜೆ 6: ತಳದ ಸಂಖ್ಯೆ ಓದುವ ಬಗೆ

ಪ್ಲಾಸ್ಟಿಕ್ ವಸ್ತುಗಳ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗೆ ಸಂಖ್ಯೆ ಇರುತ್ತದೆ. ಇದು 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮ ಮರುಬಳಕೆಗೆ ವಿಂಗಡಿಸಲು ತಂದ ಗುರುತು. ಆರೋಗ್ಯದ ದರ್ಜೆ ಅಲ್ಲ. ಆದರೂ ಯಾವ ಪ್ಲಾಸ್ಟಿಕ್ ಎಂದು ತಿಳಿಯಲು ಅದೇ ನಮಗಿರುವ ಸುಲಭ ಸಾಧನ.

3 ಎಂದರೆ ಪಿವಿಸಿ, 6 ಎಂದರೆ ಪಾಲಿಸ್ಟೈರೀನ್. ಇವೆರಡನ್ನೂ ಆಹಾರಕ್ಕೆ ಬಳಸದಿರುವುದು ಲೇಸು. 7 ಎಂಬುದು ಉಳಿದೆಲ್ಲದರ ಗುಂಪು, ಪಾಲಿಕಾರ್ಬೊನೇಟ್ ಇದರಲ್ಲೇ ಬರುತ್ತದೆ. ಗಟ್ಟಿಯಾಗಿ, ಗಾಜಿನಂತೆ ಪಾರದರ್ಶಕವಾಗಿರುವ ಹಳೆಯ ದೊಡ್ಡ ನೀರಿನ ಕ್ಯಾನ್‌ಗಳು ಸಾಮಾನ್ಯವಾಗಿ ಅದೇ. 2, 4, 5 ಸಂಖ್ಯೆಯವು ತುಲನೆಯಲ್ಲಿ ವಾಸಿ, ಬಿಸಿ ಮಾತ್ರ ತಾಗಿಸಬಾರದು. 1 ಪೆಟ್. ಒಂದೇ ಬಾರಿ ಬಳಸಲೆಂದು ಮಾಡಿದ ಆ ಬಾಟಲಿಯನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಬಿಸಿನೀರು ತುಂಬಬೇಡಿ, ತಿಂಗಳುಗಟ್ಟಲೆ ಮತ್ತೆ ಮತ್ತೆ ಬಳಸಬೇಡಿ.

‘ಬಿಪಿಎ ರಹಿತ’ ಎಂಬ ಬರಹ ಕಂಡಾಗ ನಿರಾಳರಾಗಬೇಡಿ. ಅನೇಕ ಕಡೆ ಬಿಪಿಎ ತೆಗೆದು ಬಿಪಿಎಸ್, ಬಿಪಿಎಫ್‌ಗಳನ್ನು ಹಾಕಿದ್ದಾರೆ. ಇವುಗಳ ಅಣುರಚನೆ ಬಿಪಿಎಯಂತೆಯೇ ಇದೆ, ಪ್ರಯೋಗಾಲಯದಲ್ಲಿ ಹಾರ್ಮೋನುಗಳ ಮೇಲಿನ ಪರಿಣಾಮವೂ ಹತ್ತಿರ ಹತ್ತಿರವೇ. ‘ಜೈವಿಕ’, ‘ಗೊಬ್ಬರವಾಗುವ’ ಎಂಬ ಹೊಗಳಿಕೆಗಳೂ ಆ ವಸ್ತು ಮಣ್ಣಿನಲ್ಲಿ ಏನಾಗುತ್ತದೆ ಎಂದಷ್ಟೇ ಹೇಳುತ್ತವೆ, ಆಹಾರಕ್ಕೆ ಏನು ಇಳಿಯುತ್ತದೆ ಎಂದಲ್ಲ. ಹೆಚ್ಚು ನಂಬಬಹುದಾದ ಗುರುತು ಲೋಟ ಮತ್ತು ಫೋರ್ಕಿನ ಚಿತ್ರ: ವಸ್ತುವನ್ನು ಆಹಾರದ ಬಳಕೆಗೆಂದೇ ತಯಾರಿಸಲಾಗಿದೆ ಎಂಬುದು ಅದರ ಅರ್ಥ. ಬಣ್ಣದ ಡಬ್ಬಿ, ಹಳೆಯ ರಾಸಾಯನಿಕದ ಕ್ಯಾನ್, ಗೃಹಬಳಕೆಯ ಬಕೆಟ್‌ಗಳಲ್ಲಿ ಆಹಾರ ಶೇಖರಿಸುವವರು ಇದನ್ನು ಖಂಡಿತ ಗಮನಿಸಬೇಕು.

ಹೆಜ್ಜೆ 7: ಯಾವುದನ್ನು ಎಸೆಯಬೇಕು, ಯಾವ ಕ್ರಮದಲ್ಲಿ

ಗೀಚು ಬಿದ್ದ, ಮಂಕಾದ, ಜಿಗುಟಾದ, ವಾಸನೆ ಹಿಡಿದ ಡಬ್ಬಿಗಳು ಮೊದಲು ಹೋಗಲಿ. ಸವೆದ ಮೇಲ್ಮೈಯಿಂದ ಹೆಚ್ಚು ಇಳಿಯುತ್ತದೆ. ಒಮ್ಮೆ ಬಳಸಿ ಎಸೆಯಲೆಂದು ಬಂದ ತೆಳು ಡಬ್ಬಿಗಳು ಆಮೇಲೆ. ಗಟ್ಟಿಮುಟ್ಟಾದ 5ನೇ ಸಂಖ್ಯೆಯ ಡಬ್ಬಿಗಳನ್ನು ಎಸೆಯುವ ಅಗತ್ಯವಿಲ್ಲ, ಒಣ ಪದಾರ್ಥಗಳಿಗೆ ಬಿಡಿ. ಬದಲಿಗೆ ತರುವ ವಸ್ತುಗಳಲ್ಲೂ ನೋಡಿಕೊಳ್ಳುವುದಿದೆ: ಒಳಮೈಗೆ ಅಥವಾ ತುಟಿ ತಾಗುವ ಅಂಚಿಗೆ ಬಣ್ಣದ ಚಿತ್ರವಿರುವ ಗಾಜಿನ ಲೋಟ, ಎಲ್ಲಿಯದೆಂದು ತಿಳಿಯದ ಹಳೆಯ ಮೆರುಗಿನ ಪಿಂಗಾಣಿ ಬೇಡ. ಆ ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದು. ಬಣ್ಣವಿಲ್ಲದ ಗಾಜು ಮತ್ತು ತುಕ್ಕು ಹಿಡಿಯದ ಉಕ್ಕು ಎಲ್ಲಕ್ಕಿಂತ ನಿಶ್ಚಿಂತೆ.

ಕಪ್ಪು ಪ್ಲಾಸ್ಟಿಕ್ಕಿನ ಸೌಟುಗಳ ಬಗ್ಗೆ 2024ರಲ್ಲಿ ದೊಡ್ಡ ಗದ್ದಲವೆದ್ದಿತ್ತು. ಹಳೆಯ ಎಲೆಕ್ಟ್ರಾನಿಕ್ ಸಾಮಾನುಗಳ ಮರುಬಳಕೆಯಿಂದ ಬೆಂಕಿನಿರೋಧಕ ರಾಸಾಯನಿಕಗಳು ಅವುಗಳಲ್ಲಿ ಸೇರಿವೆ ಎಂದು ಅಧ್ಯಯನವೊಂದು ಹೇಳಿತು. ಆಮೇಲೆ ಅದರ ಗುಣಾಕಾರದಲ್ಲೇ ತಪ್ಪಿತ್ತೆಂದು, ಸುರಕ್ಷಿತ ಮಿತಿಯನ್ನು ಹತ್ತು ಪಟ್ಟು ಕಡಿಮೆ ತೋರಿಸಲಾಗಿತ್ತೆಂದು ತಿಳಿದು ತಿದ್ದುಪಡಿ ಬಂತು. ಆ ರಾಸಾಯನಿಕಗಳು ಅಲ್ಲಿ ಇದ್ದದ್ದು ನಿಜ, ಅಪಾಯದ ಗಾತ್ರ ಮಾತ್ರ ಹೇಳಿದಷ್ಟಿರಲಿಲ್ಲ. ಬಿಸಿ ಎಣ್ಣೆಯಲ್ಲಿ ಆಡಿಸುವ ಸೌಟು ಮರದ್ದೋ ಉಕ್ಕಿನದ್ದೋ ಆಗಿರಲಿ ಎಂಬ ಸಲಹೆ ಹಾಗೆಯೇ ನಿಲ್ಲುತ್ತದೆ, ರಾತ್ರೋರಾತ್ರಿ ಎಲ್ಲ ಎಸೆಯುವ ಆತಂಕ ಬೇಕಿಲ್ಲ. ದೇಹದಿಂದ ವಿಷ ಹೊರಹಾಕುವ ಪಾನೀಯ, ಮಾತ್ರೆಗಳೆಂದು ಮಾರುವವರಿಂದಲೂ ದೂರವಿರಿ. ಬಿಪಿಎ ತಾನಾಗಿಯೇ ಹೋಗುತ್ತದೆ, ಪಿಎಫ್‌ಎಎಸ್ ಆ ಪಾನೀಯಗಳಿಗೆ ಬಗ್ಗುವುದಿಲ್ಲ.

ಹೆಜ್ಜೆ 8: ತಯಾರಕರನ್ನು ಕೇಳಿ

ಮನೆಯಲ್ಲಿ ಮಾಡಬಹುದಾದದ್ದಕ್ಕೆ ಒಂದು ಮಿತಿಯಿದೆ. ಕಾರ್ಖಾನೆಯ ಕೊಳವೆಗಳಲ್ಲಿ, ಕೈಗವಸುಗಳಲ್ಲಿ, ಡಬ್ಬಿಯ ಲೇಪದಲ್ಲಿ ಏನಿದೆ ಎಂಬುದು ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ. ಪೊಟ್ಟಣದ ಮೇಲೆ ಆಹಾರದ ಪದಾರ್ಥಗಳ ಪಟ್ಟಿ ಇರುತ್ತದೆಯೇ ಹೊರತು ಪೊಟ್ಟಣದ್ದಲ್ಲ. ಆದರೆ ಅದರ ಮೇಲೆ ಗ್ರಾಹಕ ಸೇವೆಯ ವಿಳಾಸ ಇರುತ್ತದೆ. ನೀವು ಪದೇ ಪದೇ ಕೊಳ್ಳುವ, ಅದರಲ್ಲೂ ಮಕ್ಕಳು ತಿನ್ನುವ ಒಂದೆರಡು ಉತ್ಪನ್ನಗಳನ್ನು ಆರಿಸಿ, ಬರೆದು ಕೇಳಿ: ಡಬ್ಬಿಯ ಒಳಲೇಪ ಯಾವುದು, ಬಿಪಿಎ ಬದಲಿಗೆ ಏನು ಬಳಸಿದ್ದೀರಿ? ಕಾಗದಕ್ಕೆ ಪಿಎಫ್‌ಎಎಸ್ ಹಾಕಿದ್ದೀರಾ? ಮುಚ್ಚಳದ ಅಂಚಿನಲ್ಲಿ ಯಾವ ಮೃದುಕಾರಿ ಇದೆ? ಸಿದ್ಧ ಆಹಾರಕ್ಕೆ ಎಷ್ಟು ಪ್ರಮಾಣದಲ್ಲಿ ಇಳಿಯುತ್ತದೆ ಎಂದು ಪರೀಕ್ಷಿಸಿದ್ದೀರಾ? ‘ನಿಯಮಗಳಿಗೆ ಅನುಗುಣವಾಗಿದೆ’ ಎಂಬ ಒಂದು ಸಾಲಿನ ಉತ್ತರ ಬಂದರೆ ಅದೇ ಪ್ರಶ್ನೆಗಳನ್ನು ಮತ್ತೊಮ್ಮೆ ಕಳುಹಿಸಿ. ವಸ್ತುವಿನ ಹೆಸರನ್ನೇ ಹೇಳಿ ಉತ್ತರಿಸಿದವರ ಉತ್ಪನ್ನವನ್ನು ಮುಂದಿನ ಸಲ ಆರಿಸಿ, ಉತ್ತರಿಸದವರದನ್ನು ಬಿಟ್ಟು ಅದೇ ಪದಾರ್ಥ ಗಾಜಿನಲ್ಲಿ ಸಿಗುತ್ತದೆಯೇ ನೋಡಿ.